ಮೈದಾನ ಒಂದೇ, ಫೋನು ಮೂರು, ಲೆಕ್ಕ ಮೂರು

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಬೆಂಗಳೂರಿನ ಒಂದು 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ವಿ. ನಮ್ಮಲ್ಲೊಬ್ಬ, ಇ.ಸಿ. ಬ್ರಾಂಚಿನವನು, ಪ್ರಾಕ್ಟೀಸಲ್ಲಿ ಮೂರು ಸಲ 58 ನಿಮಿಷ 40 ಸೆಕೆಂಡಿನ ಆಸುಪಾಸಲ್ಲಿ 10 ಕಿಲೋಮೀಟರ್ ಮುಗಿಸಿದ್ದ. ಅಂದ್ರೆ, ಅವನ ಫೋನಿನ ಆ್ಯಪ್ ಹಾಗಂತ ಹೇಳಿತ್ತು. ಓಟದ ದಿನ ಆ್ಯಪ್ "10 ಕಿಲೋಮೀಟರ್ ಮುಗೀತು" ಅಂತ ಕಿವಿಯಲ್ಲಿ ಹೇಳಿದಾಗ ಫಿನಿಶ್ ಗೇಟು ಕಣ್ಣಿಗೂ ಬಿದ್ದಿರಲಿಲ್ಲ. ಕಾಲಲ್ಲಿ ಉಳಿದಿದ್ದನ್ನೆಲ್ಲ ಆಗಲೇ ಖಾಲಿ ಮಾಡಿಕೊಂಡಿದ್ದ. ಉಳಿದ ಅರ್ಧ ಕಿಲೋಮೀಟರನ್ನು ನಡೆದು, ನಿಂತು, ಮತ್ತೆ ನಡೆದು ಮುಗಿಸಿದ. ಸಮಯ 1 ಗಂಟೆ 7 ನಿಮಿಷ. ಆಮೇಲೆ ಎರಡು ವಾರ "ನನ್ನ ಕೈಲಿ ಇದೆಲ್ಲ ಆಗಲ್ಲ" ಅಂತ ಮೈದಾನಕ್ಕೇ ಬರಲಿಲ್ಲ.

ಅವನನ್ನ ವಾಪಸ್ ಕರ್ಕೊಂಡು ಬರೋಕೆ ನಾವು ಮಾಡಿದ ಲೆಕ್ಕವೇ ಈ ಲೇಖನ.

ಮೊದಲು ಬೇಕಾಗಿದ್ದು ಸುಳ್ಳು ಹೇಳದ ಒಂದು ಅಳತೆ. ಕಾಲೇಜಿನ ಮಣ್ಣಿನ ಟ್ರ್ಯಾಕು 400 ಮೀಟರ್ ಅಂತ ಸೀನಿಯರ್‌ಗಳಿಂದ ಸೀನಿಯರ್‌ಗಳಿಗೆ ನಡೆದುಬಂದ ನಂಬಿಕೆ. ನಮ್ಮ ಗುಂಪಿನ ಸಿವಿಲ್ ಬ್ರಾಂಚಿನವಳು ಸರ್ವೆ ಲ್ಯಾಬಿನಿಂದ 30 ಮೀಟರ್ ಟೇಪು ಕೇಳಿ ತಂದಳು. ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಹಿಡಿದು ಅಳೆದ್ವಿ, ಅಥ್ಲೆಟಿಕ್ಸ್ ಟ್ರ್ಯಾಕಿನ ಮೊದಲ ಲೇನನ್ನ ಅಳೆಯೋ ಪದ್ಧತಿ ಅದೇ. ಬಂದಿದ್ದು 372 ಮೀಟರ್. ನಂಬಿಕೆ ಅಲ್ಲಿಗೆ ಮುಗೀತು.

ಆಮೇಲೆ ಎರಡು ಫೋನು, ಒಂದು ವಾಚು ಹಿಡ್ಕೊಂಡು ಒಟ್ಟಿಗೆ 10 ಸುತ್ತು ಓಡಿದ್ವಿ. ನಿಜವಾದ ದೂರ 3.72 ಕಿಲೋಮೀಟರ್. ಇ.ಸಿ. ಗೆಳೆಯನ ಫೋನು ತೋರಿಸಿದ್ದು 3.94. ಇನ್ನೊಂದು ಫೋನು 3.61. ವಾಚು 3.78. (ಶೀರ್ಷಿಕೆಯಲ್ಲಿ ವಾಚನ್ನೂ ಫೋನಿಗೆ ಸೇರಿಸಿಬಿಟ್ಟಿದೀವಿ, ಕ್ಷಮಿಸಿ.) ಒಂದೇ ಓಟ, ಒಂದೇ ಆಕಾಶ, ಒಂದು ಜಾಸ್ತಿ ಹೇಳುತ್ತೆ, ಇನ್ನೊಂದು ಕಮ್ಮಿ ಹೇಳುತ್ತೆ. ಯಾಕೆ?

ಆ್ಯಪಿಗೆ ದೂರ ಅನ್ನೋದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ಬರೀ ಚುಕ್ಕಿಗಳು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಿಗ್ನಲ್ ಹಿಡಿದು, ಬಂದ ಸಮಯದ ವ್ಯತ್ಯಾಸದಿಂದ ಫೋನು ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕುತ್ತೆ. ಮೂರು ಸಾಲದಾ ಅಂತ ಕೇಳಬಹುದು. ಜಾಗಕ್ಕೆ ಮೂರು ಅಪರಿಚಿತ ಬೆಲೆಗಳು, ಫೋನಿನ ಅಗ್ಗದ ಗಡಿಯಾರದ ತಪ್ಪು ನಾಲ್ಕನೆಯದು, ಹಾಗಾಗಿ ನಾಲ್ಕು ಸಮೀಕರಣ ಬೇಕು. ಬಯಲಲ್ಲಿ ನಿಂತರೂ ಫೋನಿನ ಉತ್ತರ ಸಾಮಾನ್ಯವಾಗಿ ಐದು ಮೀಟರ್‌ನಷ್ಟು ಆಚೀಚೆ ಇರುತ್ತೆ. ಪಕ್ಕದಲ್ಲಿ ಕಟ್ಟಡ ಇದ್ದರೆ ಸಿಗ್ನಲ್ ಗೋಡೆಗೆ ಬಡಿದು ತಡವಾಗಿ ಬರೋದ್ರಿಂದ ಇನ್ನೂ ಹೆಚ್ಚು.

ಈಗ ಮುಖ್ಯವಾದ ಮಾತು. ಆ್ಯಪ್ ಈ ಚುಕ್ಕಿಗಳನ್ನ ಒಂದಕ್ಕೊಂದು ಸೇರಿಸಿ, ಗೆರೆಗಳ ಉದ್ದ ಕೂಡಿಸುತ್ತೆ. ನೀವು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ, ಅಂದ್ರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 6 ನಿಮಿಷದಲ್ಲಿ, ನೇರವಾಗಿ ಓಡ್ತಿದೀರಿ ಅಂದ್ಕೊಳ್ಳಿ. ಪ್ರತಿ ಚುಕ್ಕಿ ಹಿಂದಿನದಕ್ಕಿಂತ ಒಂದು ಮೀಟರ್ ಪಕ್ಕಕ್ಕೆ ಬಿದ್ದರೆ, ಪೈಥಾಗೊರಸ್ ಪ್ರಕಾರ ಒಂದು ಸೆಕೆಂಡಿನ ಗೆರೆ 2.8 ಅಲ್ಲ, 2.97 ಮೀಟರ್. ಶೇಕಡಾ 6 ಜಾಸ್ತಿ! ಎಡಕ್ಕೆ ಬಿದ್ದ ತಪ್ಪು ಬಲಕ್ಕೆ ಬಿದ್ದ ತಪ್ಪನ್ನ ಹೊಡೆದುಹಾಕಲ್ಲ, ಎರಡೂ ಉದ್ದಕ್ಕೇ ಸೇರ್ತವೆ. ಲ್ಯಾಬಲ್ಲಿ "ಹತ್ತು ರೀಡಿಂಗ್ ತಗೊಂಡು ಸರಾಸರಿ ಹಾಕಿ, ತಪ್ಪು ಕಮ್ಮಿ ಆಗುತ್ತೆ" ಅಂತ ಕಲಿತಿದ್ದು ಇಲ್ಲಿ ಕೈ ಕೊಡುತ್ತೆ.

ಕಮ್ಮಿ ತೋರಿಸಿದ ಫೋನಿನ ಕಥೆ ಉಲ್ಟಾ. ಅದರಲ್ಲಿ ಬ್ಯಾಟರಿ ಸೇವರ್ ಆನ್ ಇತ್ತು. ಹತ್ತು ಹದಿನೈದು ಸೆಕೆಂಡಿಗೆ ಒಂದು ಚುಕ್ಕಿ ಅಷ್ಟೇ ಸಿಕ್ಕಿತ್ತು, ಹಾಗಾಗಿ ತಿರುವಲ್ಲೆಲ್ಲ ನಾವು ಸುತ್ತಿಕೊಂಡು ಓಡಿದ ಕಡೆ ಅದು ಅಡ್ಡದಾರಿ ಹಿಡಿದಿತ್ತು. ನಮ್ಮ ಹಾಸ್ಟೆಲಿನವರು ಕ್ಯಾಂಟೀನಿಗೆ ಹುಲ್ಲುಹಾಸಿನ ಮೇಲೆ ಹೋಗ್ತಾರಲ್ಲ, ಹಾಗೆ.

ಬಾಯಿಮಾತಲ್ಲಿ ಬಿಡೋದು ಬೇಡ ಅಂತ 3.94 ತೋರಿಸಿದ ಓಟದ ಜಿಪಿಎಕ್ಸ್ ಫೈಲನ್ನ ಇಳಿಸಿಕೊಂಡ್ವಿ. ಇದು ಸಾಮಾನ್ಯ ಎಕ್ಸ್‌ಎಂಎಲ್ ಫೈಲು. ನೋಟ್‌ಪ್ಯಾಡಲ್ಲಿ ತೆರೆದರೆ ಪ್ರತಿ ಚುಕ್ಕಿಯ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಕಾಣುತ್ತೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ರೇಖಾಂಶದ ಡಿಗ್ರಿಯನ್ನ ಅಕ್ಷಾಂಶದ ಕೊಸೈನಿಂದ ಗುಣಿಸಬೇಕು, ಬೆಂಗಳೂರಿನ ಸುತ್ತ, 13 ಡಿಗ್ರಿ ಅಕ್ಷಾಂಶದ ಹತ್ತಿರ, ಅದು 108 ಕಿಲೋಮೀಟರ್ ಆಗುತ್ತೆ. ಇಷ್ಟು ಚಿಕ್ಕ ದೂರಕ್ಕೆ ಭೂಮಿ ಗುಂಡಗಿದೆ ಅನ್ನೋದನ್ನ ಮರೆತರೂ ನಡೆಯುತ್ತೆ. ಹದಿನೈದು ಸಾಲಿನ ಪೈಥಾನ್ ಸಾಕಾಯ್ತು. ಎಲ್ಲ ಚುಕ್ಕಿ ಸೇರಿಸಿದ್ರೆ 3.94. ಐದಕ್ಕೊಂದು ಚುಕ್ಕಿ ಮಾತ್ರ ಇಟ್ಕೊಂಡ್ರೆ 3.71. ಇಪ್ಪತ್ತಕ್ಕೊಂದು ಇಟ್ಕೊಂಡ್ರೆ 3.48. ಅದೇ ಫೈಲು, ಅದೇ ಓಟ! ಎಷ್ಟು ಚುಕ್ಕಿ ಬಿಡಬೇಕು, ಎಷ್ಟು ನಯ ಮಾಡಬೇಕು ಅಂತ ಪ್ರತಿ ಆ್ಯಪ್ ತನ್ನದೇ ತೀರ್ಮಾನ ಮಾಡುತ್ತೆ. ನಾವು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕೋದು ಆ ತೀರ್ಮಾನವನ್ನ.

ಇನ್ನು 58:40 ಎಲ್ಲಿಂದ ಬಂತು? ಅವನ ಫೋನು 10 ಅಂದಾಗ ನಿಜವಾಗಿ ಆಗಿದ್ದು ಸುಮಾರು 9.44 ಕಿಲೋಮೀಟರ್. ಅದು ಒಂದು. ಇನ್ನೊಂದು, ಆ್ಯಪಲ್ಲಿ ಆಟೋ ಪಾಸ್ ಆನ್ ಇತ್ತು. ನೀರು ಕುಡಿಯೋಕೆ, ಲೇಸ್ ಕಟ್ಟೋಕೆ ನಿಂತಾಗೆಲ್ಲ ಗಡಿಯಾರವೂ ನಿಲ್ಲುತ್ತಿತ್ತು. ಫೈಲಲ್ಲಿ ಮೊದಲ ಚುಕ್ಕಿಯಿಂದ ಕೊನೆ ಚುಕ್ಕಿವರೆಗೆ ನೋಡಿದ್ರೆ 62 ನಿಮಿಷ 30 ಸೆಕೆಂಡು. ಓಟದಲ್ಲಿ ಬಿಬ್‌ನ ಚಿಪ್ಪು ಸ್ಟಾರ್ಟ್ ಮ್ಯಾಟಿನಿಂದ ಫಿನಿಶ್ ಮ್ಯಾಟಿನವರೆಗೆ ಎಣಿಸುತ್ತೆ, ನೀವು ನೀರು ಕುಡಿದರೂ ಅದು ನಿಲ್ಲಲ್ಲ. 9.44 ಕಿಲೋಮೀಟರಿಗೆ 62:30 ಅಂದ್ರೆ, ಅದೇ ವೇಗದಲ್ಲಿ 10 ಕಿಲೋಮೀಟರಿಗೆ 66 ನಿಮಿಷ 12 ಸೆಕೆಂಡು. ಅವನು ಓಡಿದ್ದು 67. ಅಂದ್ರೆ ಅವನು ಸೋತೇ ಇರಲಿಲ್ಲ ಕಣ್ರೀ! ಪ್ರಾಕ್ಟೀಸಲ್ಲಿ ಹೇಗಿದ್ದನೋ ಓಟದಲ್ಲೂ ಹೆಚ್ಚುಕಮ್ಮಿ ಹಾಗೇ ಓಡಿದ್ದ. ಇದನ್ನ ಹಾಳೆ ಮೇಲೆ ಬರೆದು ತೋರಿಸಿದಾಗ ಐದು ನಿಮಿಷ ಸುಮ್ಮನಿದ್ದು, "ಟೇಪು ಇನ್ನೊಂದು ಸಲ ಹಿಡೀರಿ" ಅಂದ.

ಎತ್ತರದ ಲೆಕ್ಕಕ್ಕೆ ತಲೆ ಕೆಡಿಸ್ಕೋಬೇಡಿ. ನಮ್ಮ ಸಮತಟ್ಟಾದ ಮೈದಾನದಲ್ಲಿ ಒಂದು ಫೋನು 40 ಮೀಟರ್ ಹತ್ತಿಸಿತ್ತು. ಎದೆಬಡಿತವನ್ನೂ ಸ್ವಲ್ಪ ಅನುಮಾನದಿಂದಲೇ ನೋಡಿ. ವಾಚು ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತದ ಏರಿಳಿತ ಓದುತ್ತೆ. ಪಟ್ಟಿ ಸಡಿಲ ಇದ್ದರೆ ಕೈ ಬೀಸುವ ಲಯವನ್ನೇ ಬಡಿತ ಅಂದ್ಕೊಂಡು ಆರಾಮದ ಓಟದಲ್ಲೂ 170 ತೋರಿಸಬಹುದು. 220ರಿಂದ ವಯಸ್ಸು ಕಳೆಯೋ ಸೂತ್ರ ನಮಗೆ 201 ಕೊಡುತ್ತೆ, ಆದರೆ ಒಬ್ಬೊಬ್ಬರಲ್ಲಿ ಅದು 10-12 ಬಡಿತ ಆಚೀಚೆ ಇರೋದು ಸಾಮಾನ್ಯ.

ನಾವೀಗ ಬಳಸೋದು ಒಂದು ಗೂಗಲ್ ಶೀಟು. ಸುತ್ತು ಎಷ್ಟು, ಸ್ಟಾಪ್‌ವಾಚಿನ ಪೂರ್ತಿ ಸಮಯ, ಎಷ್ಟು ಕಷ್ಟ ಆಯ್ತು ಅನ್ನೋದಕ್ಕೆ 10ರಲ್ಲಿ ಒಂದು ಅಂಕ, ಕಾಲು ನೋವಿದ್ರೆ ಎಲ್ಲಿ ಅಂತ. ಕಷ್ಟದ ಅಂಕವನ್ನ ನಿಮಿಷಗಳಿಂದ ಗುಣಿಸಿದ್ರೆ ಆ ದಿನದ ಹೊರೆ. ಇದು ಅಮೆರಿಕದ ಕ್ರೀಡಾವಿಜ್ಞಾನಿ ಕಾರ್ಲ್ ಫೋಸ್ಟರ್ ಬಳಕೆಗೆ ತಂದ ವಿಧಾನ, ಉಪಗ್ರಹ ಬೇಡ. 40 ನಿಮಿಷ, ಅಂಕ 4 ಆದರೆ 160. ವಾರದ ಮೊತ್ತ ಒಮ್ಮೆಲೇ ಜಿಗಿದರೆ ಮುಂದಿನ ವಾರ ಇಳಿಸ್ತೀವಿ. ಇಂಟರ್ನಲ್ಸ್ ವಾರದಲ್ಲಿ ಅದು ತಾನಾಗೇ ಇಳಿಯುತ್ತೆ, ಬಿಡಿ.

ಆ್ಯಪ್ ಬಿಟ್ಟಿಲ್ಲ. ಆದರೆ ಒಂದು ಸೆಟ್ಟಿಂಗ್ ಬದಲಾಯಿಸಿದ್ವಿ, ದಯವಿಟ್ಟು ನೀವೂ ಇವತ್ತೇ ನೋಡಿ. ಸ್ಟ್ರಾವಾ 2017ರ ನವೆಂಬರ್‌ನಲ್ಲಿ ಜಗತ್ತಿನ ಎಲ್ಲರ ಓಟ, ಸೈಕಲ್ ದಾರಿಗಳನ್ನ ಒಟ್ಟು ಸೇರಿಸಿ ಒಂದು ಹೊಳೆಯುವ ನಕ್ಷೆ ಪ್ರಕಟಿಸಿತು. ಯಾರ ಹೆಸರೂ ಇರಲಿಲ್ಲ. ಆದರೂ 2018ರ ಜನವರಿಯಲ್ಲಿ ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಮರುಭೂಮಿಯಲ್ಲಿ ಸೈನಿಕರು ಓಡಿದ ಗೆರೆಗಳಿಂದ ಸೇನಾ ನೆಲೆಗಳು ಎದ್ದು ಕಂಡವು. ಅದನ್ನ ಓದಿ ನಮ್ಮ ಎರಡು ತಿಂಗಳ ಫೈಲುಗಳನ್ನ ಒಂದರ ಮೇಲೊಂದು ಇಟ್ಟು ನೋಡಿದ್ವಿ. ಎಲ್ಲ ಗೆರೆಗಳೂ ಹುಡುಗಿಯರ ಹಾಸ್ಟೆಲ್ ಗೇಟಲ್ಲಿ ಶುರು, ಬೆಳಿಗ್ಗೆ 5:50ಕ್ಕೆ, ವಾರಕ್ಕೆ ನಾಲ್ಕು ದಿನ, ಯಾರು ಬೇಕಾದ್ರೂ ನೋಡೋ ಹಾಗೆ. ಸಿವಿಲ್‌ನವಳು ಏನೂ ಮಾತಾಡಲಿಲ್ಲ, ಫೋನು ತಗೊಂಡು ಮೊದಲು ಅದನ್ನ ಮುಚ್ಚಿದಳು. ಶುರು ಮತ್ತು ಕೊನೆಯ ಜಾಗ ಮರೆಮಾಡೋದು, ಓಟವನ್ನ ಗೊತ್ತಿರೋರಿಗೆ ಮಾತ್ರ ತೋರಿಸೋದು, ಎರಡೂ ಪ್ರೈವಸಿ ಸೆಟ್ಟಿಂಗಲ್ಲಿ ಸಿಗುತ್ತೆ. ಎರಡು ನಿಮಿಷದ ಕೆಲಸ.

ಈ ಭಾನುವಾರ 27 ಸುತ್ತು ಓಡ್ತಿದೀವಿ. 372 ಮೀಟರ್ ಲೆಕ್ಕದಲ್ಲಿ 10 ಕಿಲೋಮೀಟರ್ ದಾಟಿ 44 ಮೀಟರ್. ಇ.ಸಿ. ಗೆಳೆಯ ಮತ್ತೆ ಒಂದು ಗಂಟೆಯೊಳಗೆ ಮುಗಿಸೋಕೆ ನೋಡ್ತಾನೆ, ನಮ್ಮ ಅಂದಾಜು 64. ಸುತ್ತು ಎಣಿಸೋಕೆ ಒಬ್ಬರು ಬೇಕು. ಎಷ್ಟು ಗಂಟೆಗೆ ಅಂತ ಇಲ್ಲಿ ಬರೆಯಲ್ಲ, ಕ್ಲಬ್ಬಿನಲ್ಲಿ ಕೇಳಿ.