ಮೂತಿ ಕೂತರೆ ಸಾಲದು, ಮಾತೂ ಕೂಡಬೇಕು

ಜೆರಾಕ್ಸ್-ಡಿಟಿಪಿ ಅಂಗಡಿ ವಹಿಸಿಕೊಂಡ ಅಣ್ಣನ ಮಗನಿಗೆ ಚಿಕ್ಕಪ್ಪನ ಕಿವಿಮಾತು

ಅಂಗಡಿಯ ಹಳೇ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕೋಣ ಅನ್ನುತ್ತಿದ್ದೀಯ. ಹಾಕುವುದಾದರೆ ಹಾಕು, ಆದರೆ ಅದಕ್ಕೆ ಮುಂಚೆ ಅವುಗಳ ಬೆನ್ನ ಹಿಂದಿನ ಪೋರ್ಟುಗಳನ್ನು ಒಮ್ಮೆ ನೋಡು. ಅಡಾಪ್ಟರುಗಳಲ್ಲಿ ಎರಡು ಬಗೆ. ಒಂದು ಬರೀ ಮೂತಿ ಬದಲಿಸುತ್ತದೆ, ತಂತಿಗೆ ತಂತಿ ಸೇರಿಸುವುದಷ್ಟೇ ಅದರ ಕೆಲಸ. ಇನ್ನೊಂದು ಒಳಗೆ ಚಿಪ್ ಇಟ್ಟುಕೊಂಡು ದುಭಾಷಿಯ ಹಾಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಗಿಸಿ ಹೇಳುತ್ತದೆ. ನಿನಗೆ ಬೇಕಾದ್ದು ಯಾವುದು ಅಂತ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ.

• ಮೊದಲು ಕೆಲಸ ಗೊತ್ತು ಮಾಡು. ಹಳೇ ಯಂತ್ರಕ್ಕೆ ಒಂದೇ ಕೆಲಸ ಕೊಡು: ಬಿಲ್ ಹೊಡೆಯುವುದು, ಸ್ಕ್ಯಾನ್ ಮಾಡುವುದು, ಹಳೇ ಕಡತ ತೆರೆಯುವುದು, ಹೀಗೆ ಯಾವುದಾದರೂ ಒಂದು. ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಯಾವುದೂ ನೆಟ್ಟಗಾಗುವುದಿಲ್ಲ.

• ಮಾನಿಟರಿನ ವಿಷಯದಲ್ಲಿ ದಿಕ್ಕು ನೋಡು. 15 ಪಿನ್ನಿನ ವಿಜಿಎ 1987ರಲ್ಲಿ ಐಬಿಎಂ ತಂದದ್ದು, ಅದರದು ಅನಲಾಗ್ ಸಂಕೇತ. ಎಚ್‌ಡಿಎಂಐ ಪೂರ್ತಿ ಡಿಜಿಟಲ್. ಹೊಸ ಕಂಪ್ಯೂಟರಿಗೆ ಹಳೇ ಮಾನಿಟರ್ ಹಾಕಲು ಬೇಕಾದ್ದು ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಅಡಾಪ್ಟರ್. ಹಳೇ ಕಂಪ್ಯೂಟರಿಗೆ ಹೊಸ ಟಿವಿ ಹಾಕಲು ವಿಜಿಎಯಿಂದ ಎಚ್‌ಡಿಎಂಐಗೆ ತಿರುಗಿಸುವುದು ಬೇಕು. ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎರಡನೆಯದಕ್ಕೆ ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟೂ ಬೇಕು. ವಿಜಿಎಯಲ್ಲಿ ಧ್ವನಿ ಹರಿಯುವುದಿಲ್ಲ, ಆದ್ದರಿಂದ ಅದಕ್ಕೊಂದು ಬೇರೆ ಆಡಿಯೊ ತಂತಿಯೂ ಬೇಕಾಗುತ್ತದೆ.

• ಡಿವಿಐ ಆದರೆ ಪಿನ್ ನೋಡು. ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಸಣ್ಣ ತೂತುಗಳಿದ್ದರೆ ಅದರಲ್ಲಿ ಅನಲಾಗೂ ಬರುತ್ತದೆ, ಅಗ್ಗದ ವಿಜಿಎ ಮೂತಿ ಸಾಕು. ಆ ನಾಲ್ಕು ಇಲ್ಲದಿದ್ದರೆ ಚಿಪ್ ಇರುವ ಅಡಾಪ್ಟರೇ ಬೇಕು.

• ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ದುಂಡನೆಯ ಪಿಎಸ್‌/2 ಪಿನ್ನನ್ನು ಕಂಪ್ಯೂಟರ್ ಓಡುತ್ತಿರುವಾಗ ಕೀಳಬೇಡ, ಚುಚ್ಚಬೇಡ. ಬಂದ್ ಮಾಡಿ ಹಾಕು. ಯುಎಸ್‌ಬಿ ಮೌಸಿನ ಜೊತೆ ಬರುತ್ತಿದ್ದ ಪುಟ್ಟ ಹಸಿರು ಅಡಾಪ್ಟರ್ ಬರೀ ಮೂತಿ. ಎರಡೂ ಭಾಷೆ ಬಲ್ಲ ಮೌಸಿಗಷ್ಟೇ ಅದು ಕೆಲಸಕ್ಕೆ ಬರುತ್ತದೆ.

• ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಎಸೆಯಬೇಡ. ರಿಬ್ಬನ್ನಿನ ಮೇಲೆ ಪಿನ್ನು ಬಡಿದು ಅಚ್ಚು ಒತ್ತುವುದರಿಂದ ಕಾರ್ಬನ್ ಬಿಲ್ಲಿನ ಮೂರು ಪ್ರತಿಗಳೂ ಒಂದೇ ಸಲಕ್ಕೆ ಮೂಡುತ್ತವೆ. ಲೇಸರಿಗಾಗಲಿ ಇಂಕ್‌ಜೆಟ್ಟಿಗಾಗಲಿ ಅದು ಆಗದ ಕೆಲಸ. ಅದರ ಪ್ಯಾರಲಲ್ ತಂತಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿದರೆ ವಿಂಡೋಸ್ ಅದನ್ನು ಯುಎಸ್‌ಬಿ ಪ್ರಿಂಟರ್ ಅಂತಲೇ ಗುರುತಿಸುತ್ತದೆ, ಪ್ಯಾರಲಲ್ ಪೋರ್ಟಿನ ಹೆಸರಾದ ಎಲ್‌ಪಿಟಿ1 ಅಂತ ಅಲ್ಲ. ಹಳೇ ಡಾಸ್ ಬಿಲ್ಲಿಂಗ್ ಪ್ರೋಗ್ರಾಂ ಹುಡುಕುವುದು ಎಲ್‌ಪಿಟಿ1ನ್ನೇ. ಆಗ ಪ್ರಿಂಟರನ್ನು ವಿಂಡೋಸಿನಲ್ಲಿ ಶೇರ್ ಮಾಡಿ, 'ನೆಟ್ ಯೂಸ್' ಆಜ್ಞೆ ಕೊಟ್ಟು ಎಲ್‌ಪಿಟಿ1 ಎಂಬ ಹೆಸರನ್ನು ಅದಕ್ಕೆ ಜೋಡಿಸು. 64 ಬಿಟ್ ವಿಂಡೋಸಿನಲ್ಲಿ ಅಂಥ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. 32 ಬಿಟ್ ವಿಂಡೋಸ್ ಇರುವ ಹಳೇ ಯಂತ್ರವೊಂದನ್ನು ಬಿಲ್ಲಿಗೆಂದೇ ಉಳಿಸಿಕೋ ಅನ್ನುವುದು ಅದಕ್ಕೇ.

• ಡಾಂಗಲ್ ಇದ್ದರೆ ಹುಷಾರು. ಹಳೇ ತಂತ್ರಾಂಶ ತೆರೆಯಲು ಕೀಲಿಯ ಹಾಗೆ ಚುಚ್ಚಬೇಕಾದ ಪ್ಯಾರಲಲ್ ಡಾಂಗಲ್ ಯುಎಸ್‌ಬಿ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ಮಾತೇ ಆಡುವುದಿಲ್ಲ. ನಿಜವಾದ ಪೋರ್ಟ್ ಇರುವ ಕಂಪ್ಯೂಟರ್ ಬೇಕು, ಇಲ್ಲವೇ ಒಳಗೆ ಕೂರಿಸುವ ಕಾರ್ಡ್ ಬೇಕು.

• 9 ಪಿನ್ನಿನ ಸೀರಿಯಲ್‌ಗೆ ಚಿಪ್ ಕೇಳಿ ಕೊಳ್ಳು. ತೂಕದ ಯಂತ್ರವನ್ನೋ ಬಾರ್‌ಕೋಡ್ ರೀಡರನ್ನೋ ಸೇರಿಸಲು ಯುಎಸ್‌ಬಿ-ಸೀರಿಯಲ್ ತಂತಿ ಸಿಗುತ್ತದೆ. ಎಫ್‌ಟಿಡಿಐ, ಪ್ರೊಲಿಫಿಕ್ ಚಿಪ್ಪುಗಳ ಹೆಸರಿನಲ್ಲಿ ನಕಲಿಗಳೂ ಓಡಾಡುತ್ತವೆ. ನಕಲಿಯನ್ನು ಹೊಸ ಡ್ರೈವರ್ ಒಪ್ಪದೇ ಹೋಗಬಹುದು. ಬಿಲ್ ಇಸಿದುಕೋ, ಬದಲಿಸಿ ಕೊಡುತ್ತಾರಾ ಕೇಳು.

• ಹಳೇ ಹಾರ್ಡ್ ಡಿಸ್ಕಿನಿಂದ ಮೊದಲು ಕಡತ ತೆಗೆ. ಅಗಲ ಪಟ್ಟಿಯ 40 ಪಿನ್ನಿನ ಐಡಿಇ ಡಿಸ್ಕನ್ನೂ ಯುಎಸ್‌ಬಿಗೆ ಸೇರಿಸಬಹುದು. ದೊಡ್ಡ 3.5 ಇಂಚಿನದಕ್ಕೆ 12 ವೋಲ್ಟಿನ ಬೇರೆ ವಿದ್ಯುತ್ ಬೇಕು, ಅದನ್ನು ಕೊಡುವ ಅಡಾಪ್ಟರನ್ನೇ ತಗೋ. ಡಿಸ್ಕ್ ಟಕ್ ಟಕ್ ಅಂದರೆ ಅಲ್ಲಿಗೇ ನಿಲ್ಲಿಸಿ ಬಲ್ಲವರ ಕೈಗೆ ಕೊಡು.

• ಕಡತ ಬಂದರೂ ಅಕ್ಷರ ಬರದಿರಬಹುದು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಗೀಚಿದ ಹಾಗೆ ಕಾಣುತ್ತದೆ. ಫಾಂಟನ್ನೂ ಜೊತೆಗೆ ನಕಲು ಮಾಡಿಕೋ. ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿ ಇಡು.

• ಸೆಲ್ ಬದಲಿಸು. ಪ್ರತಿ ಸಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಮುಗಿದಿದೆ ಎಂದೇ ತಿಳಿ. ಸಾಮಾನ್ಯವಾಗಿ ಅದು ಸಿಆರ್2032. ದಿನಾಂಕ ತಪ್ಪಿದರೆ ಎಷ್ಟೋ ವೆಬ್‌ಸೈಟುಗಳೂ ತೆರೆಯುವುದಿಲ್ಲ.

• ಎಲ್ಲವನ್ನೂ ಇಂಟರ್‌ನೆಟ್ಟಿಗೆ ಬಿಡಬೇಡ. ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈ ಬಿಟ್ಟಿದೆ, ವಿಂಡೋಸ್ 7ನ್ನು 2020ರ ಜನವರಿಯಲ್ಲಿ. ಅಂಥ ಯಂತ್ರದಲ್ಲಿ ಬ್ಯಾಂಕಿನ ಕೆಲಸ, ಗಿರಾಕಿಗಳ ಆಧಾರ್ ಬೇಡವೇ ಬೇಡ. ಪ್ರೊಸೆಸರ್ 64 ಬಿಟ್ ಇದ್ದರೆ ಹಗುರವಾದ ಲಿನಕ್ಸ್ ಹಾಕಿ, ಒಂದು ಎಸ್‌ಎಸ್‌ಡಿ ಕೂರಿಸು. ನಡಿಗೆ ಎಷ್ಟೋ ಚುರುಕಾಗುತ್ತದೆ.

• ಅಡಾಪ್ಟರ್ ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವ ಮುಂಚೆ ಫೋಟೋ ಹೊಡಿ. ಎರಡೂ ಕಡೆಯ ಪೋರ್ಟ್ ತೋರಿಸಿ, "ಇದರಿಂದ ಹೊರಟು ಇದಕ್ಕೆ ಬರಬೇಕು" ಅಂತ ದಿಕ್ಕು ಹೇಳು. ಬರೀ "ಕನ್ವರ್ಟರ್ ಕೊಡಿ" ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ.

• ಲೆಕ್ಕ ಹಾಕಿ ಬಿಡುವುದನ್ನೂ ಕಲಿ. ಅಡಾಪ್ಟರುಗಳ ಖರ್ಚು ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಬೆಲೆ ಮುಟ್ಟುವ ಹಾಗಿದ್ದರೆ ಅಲ್ಲಿಗೆ ಸಾಕು. ಡಿಸ್ಕ್ ಬಿಚ್ಚಿ ಇಟ್ಟುಕೊಂಡು, ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡು. ತಂತಿಗಳನ್ನು ಮಾತ್ರ ಚೀಟಿ ಅಂಟಿಸಿ ಡಬ್ಬದಲ್ಲಿಡು. ನಾಳೆ ಯಾರಾದರೂ ಹಳೇ ಡಿಸ್ಕ್ ಹಿಡಿದು ಬಂದರೆ, ಅದನ್ನು ತೆರೆದು ಕೊಡುವುದೂ ನಿನಗೊಂದು ಸಂಪಾದನೆಯೇ.