ಕೆಂಪೆಲೆ, ಗುಡಿ, ಬಿಸಿನೀರ ಬುಗ್ಗೆ: ನಿಕ್ಕೋದಲ್ಲಿ ಶರತ್ಕಾಲದ ಒಂದು ದಿನ

ಟೋಕಿಯೊದಿಂದ ಉತ್ತರಕ್ಕೆ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದಾದ ನಿಕ್ಕೋ ಪಟ್ಟಣವು ಎಂಟನೆಯ ಶತಮಾನದಿಂದಲೂ ಪರ್ವತಾರಾಧನೆಯ ಕ್ಷೇತ್ರವಾಗಿದ್ದು, ಅಲ್ಲಿನ ಎರಡು ಶಿಂಟೊ ಗುಡಿಗಳಿಗೂ ಒಂದು ಬೌದ್ಧ ದೇವಾಲಯಕ್ಕೂ ಸೇರಿದ 103 ಕಟ್ಟಡಗಳನ್ನು ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೇ ಊರಿನ ಹಿಂದಿನ ಬೆಟ್ಟಗಳಲ್ಲಿ ಸರೋವರ, ಜಲಪಾತ, ಗಂಧಕದ ಬಿಸಿನೀರ ಬುಗ್ಗೆಗಳಿರುವುದರಿಂದ, ಜಪಾನಿನಲ್ಲಿ ಓದುವ ಅಥವಾ ಕೆಲಸ ಮಾಡುವ ಕನ್ನಡಿಗರಿಗೂ, ಅವರನ್ನು ನೋಡಲು ಊರಿನಿಂದ ಹೋಗುವ ತಂದೆತಾಯಿಯರಿಗೂ ಕೆಂಪೆಲೆ, ಗುಡಿ, ಬುಗ್ಗೆಯ ಸ್ನಾನ ಎಂಬ ಮೂರು ಬಗೆಯ ಅನುಭವ ಒಂದೇ ದಿನದಲ್ಲಿ ಇಲ್ಲಿ ದೊರೆಯುತ್ತದೆ. ಆದರೆ ಅದು ದೊರೆಯಬೇಕಾದರೆ ಹೆಸರುವಾಸಿಯಾದ ಜಾಗಗಳ ಪಟ್ಟಿ ಹಿಡಿದು ಓಡುವ ಬದಲು, ಹೋಗುವ ದಿನಾಂಕಕ್ಕೆ ತಕ್ಕ ಎತ್ತರವನ್ನು ಆರಿಸಿಕೊಳ್ಳಬೇಕು.

ಎಲೆಗಳ ಬಣ್ಣಕ್ಕೆ ಕಾರಣ

ಬಂಡೀಪುರದ ತೇಗದ ಮರ ನೀರಿನ ಅಭಾವಕ್ಕೆ ಎಲೆ ಉದುರಿಸಿದರೆ, ನಿಕ್ಕೋದ ಮರಗಳು ಚಳಿಗೆ ಎಲೆ ಉದುರಿಸುತ್ತವೆ. ಹಗಲು ಕಿರಿದಾಗಿ ರಾತ್ರಿಯ ಉಷ್ಣತೆ ಇಳಿಯುತ್ತಿದ್ದಂತೆ ಎಲೆಯ ಹಸಿರು ವರ್ಣಕವಾದ ಪತ್ರಹರಿತ್ತು ಒಡೆದುಹೋಗುತ್ತದೆ. ಅದುವರೆಗೆ ಅದರ ಮರೆಯಲ್ಲಿದ್ದ ಕ್ಯಾರೊಟಿನಾಯ್ಡ್ ಎಂಬ ವರ್ಣಕದಿಂದ ಲಾರ್ಚ್, ಬರ್ಚ್ ಮರಗಳು ಹಳದಿಯಾಗಿ ಕಾಣುತ್ತವೆ. ಮೇಪಲ್ ಮರದ ಎಲೆಗಳಲ್ಲಾದರೋ ಉಳಿದ ಸಕ್ಕರೆಯಿಂದ ಆಂಥೊಸಯನಿನ್ ಎಂಬ ಕೆಂಪು ವರ್ಣಕ ಹೊಸದಾಗಿ ಹುಟ್ಟುತ್ತದೆ. ಬಿಸಿಲಿನ ಹಗಲು, ಕೊರೆಯುವ ರಾತ್ರಿ ಒಟ್ಟಾಗಿ ಬಂದ ವರ್ಷ ಕೆಂಪು ಗಾಢವಾಗಿರುತ್ತದೆ.

ಪ್ರತಿ 100 ಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಸುಮಾರು 540 ಮೀಟರ್ ಎತ್ತರದ ನಿಕ್ಕೋ ನಿಲ್ದಾಣಕ್ಕಿಂತ 1,269 ಮೀಟರ್ ಎತ್ತರದ ಚೂಜೆಂಜಿ ಸರೋವರವೂ, ಅದಕ್ಕಿಂತ ಮೇಲಿನ ಯುಮೊತೊ ಎಂಬ ಬುಗ್ಗೆಗಳ ಊರೂ ಮೊದಲೇ ತಣ್ಣಗಾಗುತ್ತವೆ. ಹೀಗಾಗಿ ಬಣ್ಣವು ಬೆಟ್ಟದ ತುದಿಯಲ್ಲಿ ಹುಟ್ಟಿ, ಒಂದು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡು ಕಣಿವೆಗೆ ಇಳಿಯುತ್ತದೆ.

ಹಂತ 1: ದಿನಾಂಕ ನೋಡಿ ಎತ್ತರ ಆರಿಸುವುದು

ಸಾಮಾನ್ಯ ವರ್ಷಗಳಲ್ಲಿ ಯುಮೊತೊ ಹಾಗೂ ಸೆಂಜೊಗಹಾರ ಎಂಬ ಜೌಗು ಬಯಲಿನ ಸುತ್ತ ಅಕ್ಟೋಬರ್ ಮೊದಲ ಭಾಗದಲ್ಲಿಯೂ, ಚೂಜೆಂಜಿ ಸರೋವರದ ದಡದಲ್ಲಿ ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೂ, ಗುಡಿಗಳಿರುವ ಪಟ್ಟಣದ ಭಾಗದಲ್ಲಿ ನವೆಂಬರ್ ಮೊದಲೆರಡು ವಾರಗಳಲ್ಲಿಯೂ ಬಣ್ಣ ತುಂಬಿರುತ್ತದೆ. ಹವೆಗೆ ತಕ್ಕಂತೆ ಇದು ಒಂದು ವಾರ ಹಿಂದುಮುಂದಾಗಬಹುದಾದ್ದರಿಂದ, ಜಪಾನಿನಲ್ಲಿ ಪ್ರತಿ ಶರತ್ಕಾಲದಲ್ಲಿ ಪ್ರಕಟವಾಗುವ ‘ಕೋಯೊ’ ಮುನ್ಸೂಚನೆಯನ್ನು, ಎಂದರೆ ಯಾವ ಊರಿನಲ್ಲಿ ಎಲೆ ಎಷ್ಟು ಬಣ್ಣಕ್ಕೆ ತಿರುಗಿದೆ ಎಂಬ ವರದಿಯನ್ನು, ಹೊರಡುವ ಎರಡು ದಿನ ಮೊದಲು ನೋಡಿಕೊಳ್ಳಬೇಕು. ಶನಿವಾರ, ಭಾನುವಾರಗಳನ್ನು ಬಿಟ್ಟು ವಾರದ ದಿನ ಆರಿಸಿಕೊಂಡರೆ ಜನಸಂದಣಿಯ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ.

ಹಂತ 2: ರೈಲು ಮತ್ತು ಪಾಸು

ಟೋಕಿಯೊದ ಅಸಕುಸ ನಿಲ್ದಾಣದಿಂದ ತೊಬು ಕಂಪನಿಯ ವೇಗದ ರೈಲು ಸುಮಾರು 1 ಗಂಟೆ 50 ನಿಮಿಷದಲ್ಲಿ ನಿಕ್ಕೋ ಮುಟ್ಟಿಸುತ್ತದೆ. ಜೆ.ಆರ್. (ಜಪಾನ್ ರೈಲ್ವೆ) ಪಾಸು ಇರುವವರು ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಉತ್ಸುನೊಮಿಯವರೆಗೆ ಹೋಗಿ, ಅಲ್ಲಿ ನಿಕ್ಕೋ ಶಾಖಾ ಮಾರ್ಗದ ರೈಲು ಹಿಡಿಯಬಹುದು. ತೊಬು ಕಂಪನಿ ವಿದೇಶಿ ಪ್ರವಾಸಿಗರಿಗೆ ಕೊಡುವ ಎರಡು ಪಾಸುಗಳಲ್ಲಿ ‘ವಿಶ್ವ ಪರಂಪರೆ’ಯ ಹೆಸರಿನದರಲ್ಲಿ ಬಸ್ ಸೌಲಭ್ಯ ಗುಡಿಗಳ ಭಾಗಕ್ಕೆ ಸೀಮಿತವಾಗಿದ್ದು, ಯುಮೊತೊವರೆಗಿನ ಬಸ್ ‘ಆಲ್ ಏರಿಯಾ’ ಪಾಸಿನಲ್ಲಿ ಮಾತ್ರ ಸೇರಿರುತ್ತದೆ. ವೇಗದ ರೈಲಿನ ಹೆಚ್ಚುವರಿ ದರವನ್ನು ಪ್ರತ್ಯೇಕವಾಗಿ ತೆತ್ತು ಆಸನ ಕಾದಿರಿಸಬೇಕು. ಅಸಕುಸವನ್ನು ಬೆಳಗ್ಗೆ ಏಳರೊಳಗೆ ಬಿಡುವುದು ಉತ್ತಮ.

ಹಂತ 3: ಅಕ್ಟೋಬರ್ ಆದರೆ ಮೊದಲು ತುದಿಗೆ

ಪಟ್ಟಣದಿಂದ ಸರೋವರಕ್ಕೆ ಏರುವ ಘಾಟಿ ರಸ್ತೆಯ ಹೆಸರು ಇರೊಹಾಜಾಕ. ಹತ್ತಲು 20 ತಿರುವುಗಳ ಒಂದು ರಸ್ತೆ, ಇಳಿಯಲು 28 ತಿರುವುಗಳ ಇನ್ನೊಂದು ರಸ್ತೆ, ಎರಡೂ ಏಕಮುಖ ಸಂಚಾರದವು. ಬಣ್ಣದ ದಿನಗಳಲ್ಲಿ ಹೊತ್ತೇರಿದಂತೆ ಇಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವುದರಿಂದ, ರೈಲಿಳಿದ ಕೂಡಲೇ ಗುಡಿಗಳನ್ನು ದಾಟಿ ನೇರವಾಗಿ ಯುಮೊತೊ ಬಸ್ ಹತ್ತುವುದು ಜಾಣತನ. ದಟ್ಟಣೆಯಿಲ್ಲದಿದ್ದರೆ ಸುಮಾರು 80 ನಿಮಿಷದ ದಾರಿ ಅದು. ಅಕೆಚಿದೈರ ಎಂಬ ನೋಟಕಟ್ಟೆಯ ಹಗ್ಗದ ತೊಟ್ಟಿಲಿನಿಂದ (ರೋಪ್‌ವೇ) ಜಲಪಾತವನ್ನೂ ಸರೋವರವನ್ನೂ ಒಟ್ಟಿಗೆ ನೋಡಬಯಸುವವರು ಹತ್ತುವಾಗಲೇ ಅಲ್ಲಿ ಇಳಿಯಬೇಕು, ಏಕೆಂದರೆ ಇಳಿಯುವ ರಸ್ತೆ ಅತ್ತ ಹಾಯುವುದಿಲ್ಲ.

ಯುಮೊತೊದಲ್ಲಿ ಬಸ್ಸಿಳಿಯುತ್ತಿದ್ದಂತೆ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಊರಿನ ಅಂಚಿನ ಜೌಗಿನಲ್ಲಿ ಸಾಲಾಗಿ ನಿಂತ ಚಿಕ್ಕ ಮರದ ಗೂಡುಗಳ ಕೆಳಗೆ ಬುಗ್ಗೆಗಳು ಕುದಿಯುತ್ತಿದ್ದು, ಅಲ್ಲಿಂದ ಕೊಳವೆಗಳ ಮೂಲಕ ನೀರು ವಸತಿಗೃಹಗಳಿಗೆ ಹೋಗುತ್ತದೆ. ಪಕ್ಕದಲ್ಲಿಯೇ ಭೈಷಜ್ಯಗುರು, ಎಂದರೆ ರೋಗ ನೀಗುವ ಬುದ್ಧನಿಗೆ ಮೀಸಲಾದ ಓನ್ಸೆಂಜಿ ಎಂಬ ಚಿಕ್ಕ ದೇವಾಲಯವಿದೆ. ಭಕ್ತರು ದೇವಾಲಯದ ಆವರಣದಲ್ಲಿಯೇ ಬುಗ್ಗೆಯ ನೀರಿನ ಸ್ನಾನ ಮಾಡಬಹುದಾದ ಅಪರೂಪದ ಜಾಗ ಇದು. ಚಳಿಗಾಲದಲ್ಲಿ ಸ್ನಾನದ ಮನೆ ಮುಚ್ಚಿರುತ್ತದೆ.

ಯುಮೊತೊದಲ್ಲಿ ಸ್ನಾನ ಮುಗಿಸಿ, ಮಧ್ಯಾಹ್ನ ಬಸ್ಸಿನಲ್ಲಿ ಚೂಜೆಂಜಿಗೆ ಇಳಿದು, 97 ಮೀಟರ್ ಎತ್ತರದಿಂದ ಧುಮುಕುವ ಕೆಗೊನ್ ಜಲಪಾತವನ್ನು ನೋಡಿ, ಸರೋವರದ ದಡದಲ್ಲಿ ನಡೆದು ಚೂಜೆಂಜಿ ದೇವಾಲಯವನ್ನು ಸೇರಬೇಕು. 784ರಲ್ಲಿ ಶೋದೊ ಎಂಬ ಭಿಕ್ಷು ಸ್ಥಾಪಿಸಿದನೆಂದು ಪರಂಪರೆ ಹೇಳುವ ಈ ದೇವಾಲಯದ ಮೂಲವಿಗ್ರಹ ಸಹಸ್ರಭುಜ ಅವಲೋಕಿತೇಶ್ವರನದು. ಬೇರು ಬಿಟ್ಟು ನಿಂತಿದ್ದ ಮರದಲ್ಲಿಯೇ ಅದನ್ನು ಕೆತ್ತಿದನೆಂಬ ಪ್ರತೀತಿಯಿದೆ.

ಹಂತ 4: ಬುಗ್ಗೆಯ ಸ್ನಾನದ ಕ್ರಮ

ಭೂಮಿಯಿಂದ ಹೊರಬರುವಾಗ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಗೊತ್ತುಪಡಿಸಿದ ಖನಿಜಾಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಅಂಥದ್ದನ್ನು ಮಾತ್ರ ಜಪಾನಿನ 1948ರ ಕಾನೂನು ‘ಓನ್ಸೆನ್’ ಎಂದು ಒಪ್ಪುತ್ತದೆ. ಯುಮೊತೊದ ನೀರು ಗಂಧಕಯುಕ್ತವಾಗಿದ್ದು, ಗಾಳಿ ತಾಗಿದ ಮೇಲೆ ಹಾಲಿನಂತೆ ಬಿಳುಪಾಗುತ್ತದೆ.

ಗಂಡಸರಿಗೂ ಹೆಂಗಸರಿಗೂ ಸಾಮಾನ್ಯವಾಗಿ ಬೇರೆ ಬೇರೆ ಸ್ನಾನದ ಮನೆಗಳಿದ್ದು, ಒಳಗೆ ಯಾವ ಬಟ್ಟೆಗೂ ಅವಕಾಶವಿಲ್ಲ. ಹಂಡೆಗೆ ಕೈ ಅದ್ದದೆ ತಂಬಿಗೆಯಲ್ಲಿ ಮೊಗೆದು ಮೈ ತೊಳೆಯುವ ನಮ್ಮ ಬಚ್ಚಲುಮನೆಯ ಮಡಿಯಂತೆ, ಇಲ್ಲಿಯೂ ತೊಟ್ಟಿಯ ಹೊರಗೆ ಕುಳಿತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡ ನಂತರವೇ ನೀರಿಗೆ ಇಳಿಯಬೇಕು. ಉದ್ದ ಕೂದಲನ್ನು ಮೇಲೆ ಕಟ್ಟಬೇಕು, ಚಿಕ್ಕ ಟವೆಲನ್ನು ನೀರಿಗೆ ಅದ್ದಬಾರದು, ಮೊಬೈಲನ್ನು ಒಳಗೆ ಒಯ್ಯಬಾರದು. ಹಚ್ಚೆ ಇರುವವರನ್ನು ಕೆಲವು ಕಡೆ ಬಿಡುವುದಿಲ್ಲವಾದ್ದರಿಂದ ಅದನ್ನು ಮೊದಲೇ ವಿಚಾರಿಸಬೇಕು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೆಂದರೆ ಗಂಧಕವು ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ಆದ್ದರಿಂದ ಕಾಲುಂಗುರ, ಗೆಜ್ಜೆ, ಉಡಿದಾರ, ಬೆಳ್ಳಿಯ ಕರಡಿಗೆ ಇವುಗಳನ್ನು ತೆಗೆದು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೀಗದ ಕಪಾಟಿಗೆ ಸೇರಿಸಬೇಕು. ಮೊದಲ ಸಲದವರು ಐದರಿಂದ ಹತ್ತು ನಿಮಿಷಕ್ಕೆ ಮೇಲೆದ್ದು, ನೀರು ಕುಡಿದು, ಮೆಲ್ಲಗೆ ನಿಲ್ಲುವುದು ಸುರಕ್ಷಿತ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಹೊಟ್ಟೆ ತುಂಬ ಉಂಡ ಕೂಡಲೇ ಯಾರೂ ಇಳಿಯಬಾರದು.

ಹಂತ 5: ನವೆಂಬರ್ ಆದರೆ ಗುಡಿಗಳೇ ಮೊದಲು

ನವೆಂಬರಿನಲ್ಲಿ ಮೇಲಿನ ಬೆಟ್ಟಗಳು ಬರಿದಾಗಿರುವುದರಿಂದ ಘಾಟಿ ಹತ್ತುವ ಅಗತ್ಯವಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ತೋಶೊಗು ಗುಡಿಯಲ್ಲಿರಬೇಕು. ಚಳಿಯ ತಿಂಗಳುಗಳಲ್ಲಿ ಅದು ಸಂಜೆ ನಾಲ್ಕಕ್ಕೇ ಮುಚ್ಚುತ್ತದೆ. 1616ರಲ್ಲಿ ತೀರಿಕೊಂಡ ತೊಕುಗಾವ ಇಯೆಯಾಸು ಎಂಬ ಶೋಗುನ್, ಎಂದರೆ ಸೇನಾಧಿಪತಿ ದೊರೆಯನ್ನು ದೇವರಾಗಿ ಪೂಜಿಸುವ ಈ ಗುಡಿಗೆ ಅವನ ಮೊಮ್ಮಗ ಇಯೆಮಿತ್ಸು 1636ರಲ್ಲಿ ಈಗಿನ ವೈಭವದ ರೂಪ ಕೊಟ್ಟನು. ಗಾಂಧೀಜಿಯ ಹೆಸರಿನೊಡನೆ ಭಾರತದ ಮನೆಮನೆಗೂ ಪರಿಚಯವಾದ, ಕಣ್ಣು, ಕಿವಿ, ಬಾಯಿ ಮುಚ್ಚಿದ ಮೂರು ಕೋತಿಗಳ ಹೆಸರಾಂತ ಕೆತ್ತನೆ ಇಲ್ಲಿನ ಕುದುರೆಲಾಯದ ಗೋಡೆಯ ಮೇಲಿದೆ. ಲಾಯವು ಬಣ್ಣ ಬಳಿಯದ ಸಾದಾ ಮರದ ಕಟ್ಟಡವಾದುದರಿಂದ, ಮುಂದಿನ ಯೋಮೆಯ್‌ಮೊನ್ ಮಹಾದ್ವಾರದ ಐನೂರಕ್ಕೂ ಹೆಚ್ಚು ಕೆತ್ತನೆಗಳ ಮೆರುಗು ಎದ್ದು ಕಾಣುತ್ತದೆ. ಇಯೆಯಾಸುವಿನ ಸಮಾಧಿಗೆ 207 ಕಲ್ಲಿನ ಮೆಟ್ಟಿಲುಗಳಿದ್ದು, ಮೊಣಕಾಲು ನೋವಿರುವ ಹಿರಿಯರು ಕೆಳಗೇ ಉಳಿಯುವುದು ಲೇಸು.

ಅಲ್ಲಿಂದ ರಿನ್ನೊಜಿ ದೇವಾಲಯದ ಮೂರು ಬಂಗಾರದ ಬೃಹತ್ ಮೂರ್ತಿಗಳನ್ನು ನೋಡಿ, ಅದಕ್ಕೇ ಸೇರಿದ ಶೋಯೊಎನ್ ಉದ್ಯಾನದ ಕೊಳದ ಸುತ್ತಲಿನ ಮೇಪಲ್‌ಗಳ ನಡುವೆ ಅರ್ಧ ಗಂಟೆ ಕಳೆಯಬೇಕು. ಮಧ್ಯಾಹ್ನದ ನಂತರ ಶಿಮೊ ಇಮಾಇಚಿಯಲ್ಲಿ ರೈಲು ಬದಲಿಸಿ ಕಿನುಗಾವ ಓನ್ಸೆನ್‌ಗೆ ಹೋದರೆ, ಅಲ್ಲಿ ಸ್ನಾನ ಮುಗಿಸಿ ನೇರವಾಗಿ ಅಸಕುಸಕ್ಕೆ ಮರಳುವ ರೈಲು ಹಿಡಿಯಬಹುದು.

ಹಂತ 6: ಊಟ, ಉಡುಪು, ಮರಳುವ ಹೊತ್ತು

ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ಎತ್ತಿ ತಯಾರಿಸುವ ಯುಬಾ ನಿಕ್ಕೋದ ಹೆಸರಾಂತ ತಿನಿಸು. ಸಸ್ಯಾಹಾರಿಗಳು ಇಷ್ಟಕ್ಕೇ ನೆಮ್ಮದಿಪಡಬಾರದು. ಯುಬಾ ಬೇಯಿಸುವ ಸಾರಿಗೂ, ಸೊಬಾ ಎಂಬ ಶಾವಿಗೆಯ ಸಾರಿಗೂ ಒಣಮೀನಿನ ತಿಳಿಯಾದ ‘ದಾಶಿ’ ಬೆರೆಸುವುದು ರೂಢಿಯಾದ್ದರಿಂದ, ತಮಗೆ ಮೀನು ಸಲ್ಲದೆಂಬುದನ್ನು ಜಪಾನಿ ಭಾಷೆಯ ಚೀಟಿಯಲ್ಲಿ ಬರೆಸಿಟ್ಟುಕೊಂಡು ತೋರಿಸಬೇಕು, ಜೊತೆಗೆ ಬುತ್ತಿಯನ್ನೂ ಒಯ್ಯಬೇಕು. ಸರೋವರದ ಎತ್ತರದಲ್ಲಿ ಮೈ ಕೊರೆಯುವ ಚಳಿಯಿರುವುದರಿಂದ ಒಂದರ ಮೇಲೊಂದು ತೊಡುವ ಉಡುಪೂ, ಗುಡಿಗಳ ಒಳಗೆ ಪಾದರಕ್ಷೆ ಬಿಡಬೇಕಾದ್ದರಿಂದ ದಪ್ಪ ಕಾಲುಚೀಲವೂ, ಪ್ರವೇಶ ಶುಲ್ಕಕ್ಕೆ ನಗದು ಹಣವೂ ಬೇಕು. ನವೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಘಾಟಿ ಹತ್ತಿದವರು ಮೂರರೊಳಗೆ ಇಳಿಯುವ ಬಸ್ ಹತ್ತಿದರೆ ಕಾದಿರಿಸಿದ ರೈಲು ತಪ್ಪುವ ಆತಂಕ ಕಡಿಮೆ.

ತೋಶೊಗು, ಸರೋವರ, ಯುಮೊತೊ ಮೂರನ್ನೂ ಒಂದೇ ದಿನಕ್ಕೆ ತುರುಕಿದವರ ಪಾಲಿಗೆ ಉಳಿಯುವುದು ಬಸ್ಸಿನ ಕಿಟಕಿಯಷ್ಟೆ. ದಿನಾಂಕಕ್ಕೆ ತಕ್ಕ ಒಂದು ಎತ್ತರವನ್ನು ಆರಿಸಿ, ಅಲ್ಲಿನ ಗುಡಿ, ಮರ, ನೀರು ಮೂರಕ್ಕೂ ಸಾಕಷ್ಟು ಹೊತ್ತು ಕೊಡಬೇಕು. ಇಡೀ ಪ್ರದೇಶ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ ನೆನಪಿಗೆಂದು ಕೊಂಬೆ ಮುರಿಯದೆ, ಕಾಲುದಾರಿ ಬಿಟ್ಟು ಜೌಗಿಗೆ ಇಳಿಯದೆ ಮರಳುವುದು ಪ್ರತಿಯೊಬ್ಬ ಪ್ರವಾಸಿಗನ ಕರ್ತವ್ಯ.