ಪಟ್ಟಿಯ ಅಗಲ, ಕೊಕ್ಕೆಯ ಹಿಡಿತ

ಉಬ್ರಾಣಿಯ ಹೊಲದ ಬದುವಿನಲ್ಲಿ ನಡೆದವರ ಪಂಚೆಗೆ ಉತ್ತರಾಣಿಯ ಕಾಯಿ ಕಚ್ಚಿಕೊಳ್ಳುವುದುಂಟು. ಅಂತಹುದೇ ಒಂದು ಹಿಡಿತವು ಇಂದು ದುರ್ಬಲ ಅಂಗಗಳಿಗೆ ತೊಡಿಸುವ ಆಸರೆಗಳನ್ನು ಬಿಗಿಯುತ್ತಿದೆ.

ಪೋಲಿಯೋ ಪೀಡಿತರ ಕಾಲಿನ ಕ್ಯಾಲಿಪರನ್ನು ತೊಗಲಿನ ಪಟ್ಟಿ, ಬಕಲ್‌ಗಳಿಂದ ಬಿಗಿಯುವುದು ಹಳೆಯ ಕ್ರಮ. ಇದರಲ್ಲಿ ಎರಡು ತೂತುಗಳ ನಡುವಣ ಅಳತೆ ಸಿಗದು. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ತನ್ನ ನಾಯಿಯ ಕೂದಲಿಗೆ ಅಂಟಿದ್ದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮುಳ್ಳುಗಳ ತುದಿ ಕೊಕ್ಕೆಯಂತೆ ಬಾಗಿದ್ದುವು. ಅದರಿಂದ ಹುಟ್ಟಿದುದೇ ವೆಲ್ಕ್ರೋ: ಒಂದು ಪಟ್ಟಿಯಲ್ಲಿ ನೈಲಾನ್ ಕೊಕ್ಕೆಗಳು, ಇನ್ನೊಂದರಲ್ಲಿ ಕುಣಿಕೆಗಳು. ಉದ್ದಕ್ಕೆ ಎಳೆದಾಗ ಎಲ್ಲ ಕೊಕ್ಕೆಗಳೂ ಭಾರವನ್ನು ಹಂಚಿಕೊಳ್ಳುವುವು. ತುದಿಯಿಂದ ಸುಲಿದಾಗ ಒಂದೊಂದೇ ಸಾಲು ಬಿಡುವುದು. ಆದುದರಿಂದ ನಡೆಯುವಾಗ ಕಳಚದ ಪಟ್ಟಿಯನ್ನು ಒಂದೇ ಕೈಯಿಂದ ಬಿಚ್ಚಬಹುದು.

ಆದರೆ ಹಿಡಿತವೊಂದೇ ಸಾಲದು. ಪಟ್ಟಿಯ ಎಳೆತವನ್ನು ಅಂಗದ ತ್ರಿಜ್ಯ ಮತ್ತು ಪಟ್ಟಿಯ ಅಗಲಗಳ ಗುಣಲಬ್ಧದಿಂದ ಭಾಗಿಸಿದರೆ ಚರ್ಮದ ಮೇಲಣ ಒತ್ತಡ ದೊರೆಯುವುದು. 5 ಸೆಂ.ಮೀ. ತ್ರಿಜ್ಯದ ಕಾಲಿಗೆ 2 ಸೆಂ.ಮೀ. ಅಗಲದ ಪಟ್ಟಿಯನ್ನು 10 ನ್ಯೂಟನ್ ಎಳೆತದಲ್ಲಿ ಕಟ್ಟಿದೆವೆನ್ನೋಣ. ಒತ್ತಡ 10,000 ಪಾಸ್ಕಲ್, ಎಂದರೆ ಪಾದರಸದ ಸುಮಾರು 75 ಮಿ.ಮೀ. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡವೋ ಸುಮಾರು 30 ಮಿ.ಮೀ. ಮಾತ್ರ! ಬಹಳ ಹೊತ್ತು ಹೀಗೆಯೇ ಇದ್ದರೆ ರಕ್ತಸಂಚಾರ ಕುಂದಿ ಹುಣ್ಣಾಗುವುದು. ಮಧುಮೇಹದಿಂದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಇದರ ನೋವೂ ತಿಳಿಯದು. ಎಳೆತ ಅಷ್ಟೇ ಇದ್ದು ಅಗಲ 5 ಸೆಂ.ಮೀ. ಆದರೆ ಒತ್ತಡ 30 ಮಿ.ಮೀ.ಗೆ ಇಳಿಯುವುದು.

ಪಟ್ಟಿ ಜಾರಿದರೆ ಇನ್ನಷ್ಟು ಬಿಗಿಯುವುದು ನಮ್ಮ ಸಹಜ ಪ್ರವೃತ್ತಿ. ಅದಕ್ಕೆ ಮೊದಲು ಅಗಲವನ್ನು ಪರೀಕ್ಷಿಸಬೇಕು. ಬಿಚ್ಚಿ ಅರ್ಧ ಗಂಟೆಯಾದರೂ ಚರ್ಮದ ಕೆಂಪು ಮಾಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.